ತಳದ ಕೆಳಗಿನ ಇನ್ನೊಂದು ಗೆರೆ

ನನ್ನದು ಸುಮ್ಮನಿರುವ ಕೈಯಲ್ಲ. ಮನೆಯಲ್ಲಿ ಫ್ಯಾನು ಮೂರರಲ್ಲಿದ್ದರೆ ನಾಲ್ಕಕ್ಕೆ ತಿರುಗಿಸುತ್ತೇನೆ, ನಾಲ್ಕರಲ್ಲಿದ್ದರೆ ಮೂರಕ್ಕೆ. ಹೊಸೂರಿನ ಕಾರ್ಖಾನೆಯಲ್ಲಿ ನನಗೆ ಸಂಬಳ ಕೊಡುವುದೂ ಹೆಚ್ಚುಕಡಿಮೆ ಈ ಚಟಕ್ಕೇ. ತಯಾರಾಗಿ ಬಂದ ಶಾಫ್ಟನ್ನು ದೀಪದ ಕೆಳಗೆ ಹೊರಳಿಸಿ ನೋಡಿ, ಒಂದು ಚುಕ್ಕೆ, ಒಂದು ಗೀರು ಕಂಡರೂ ಪಕ್ಕಕ್ಕೆ ಎತ್ತಿಡುವುದು ನನ್ನ ಕೆಲಸ. ಇಂಥವನ ಕೈಗೆ ಮೀನು ಹುಡುಕುವ ಯಂತ್ರ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು.

ಯಂತ್ರ ತಂದದ್ದು ನನಗಲ್ಲ, ಸೋದರಮಾವನಿಗೆ. ಮಾವ ಕೃಷ್ಣಗಿರಿ ಡ್ಯಾಮಿನ ಹಿನ್ನೀರಿನಲ್ಲಿ ದುಂಡನೆಯ ತೆಪ್ಪದಲ್ಲಿ ಕೂತು ಬಲೆ ಹಾಕುವವನು. ನೀರಿನ ತಳ ಅವನಿಗೆ ಗೊತ್ತಾಗುತ್ತಿದ್ದದ್ದು ಬಲಗೈಯಿಂದ. ಮುಷ್ಟಿಗಾತ್ರದ ಕಲ್ಲನ್ನು ಹಗ್ಗಕ್ಕೆ ಕಟ್ಟಿ, ಮಾರು ಮಾರು ಎಣಿಸುತ್ತ ಇಳಿಬಿಡುತ್ತಿದ್ದ. ಕಲ್ಲು ಮುಟ್ಟಿದ ಕೂಡಲೇ ಕೆಸರೋ ಮರಳೋ ಬಂಡೆಯೋ ಹೇಳಿಬಿಡುತ್ತಿದ್ದ. ಅಲ್ಲಿ ಕೆಳಗೆ ಹಳೆಯ ಹೊಲಗಳ ಕಲ್ಲುಗೋಡೆಗಳು ಮುಳುಗಿವೆ. ಅವುಗಳ ಮೇಲೆ ಬಲೆ ಬಿದ್ದರೆ ಅದರ ಕತೆ ಮುಗಿಯಿತು.

ಹೋದ ವರ್ಷ ಅವನಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಮಾತು ವಾರದೊಳಗೆ ಸರಿಹೋಯಿತು. ಬಲಗೈಗೆ ಬಲವೂ ಬಂತು, ಆದರೆ ಸ್ಪರ್ಶ ಬರಲಿಲ್ಲ. ಬಿಸಿ ಟೀ ಲೋಟ ಹಿಡಿದೇ ಇದ್ದು ಬೊಬ್ಬೆ ಎದ್ದ ಮೇಲೆ ನೋಡಿಕೊಳ್ಳುತ್ತಿದ್ದ. ಎಡಗೈಯಲ್ಲಿ ಹಗ್ಗ ಬಿಟ್ಟು ನೋಡಿದ. "ಇದು ದಡ್ಡ ಕೈ ಕಣ್ಲಾ, ಏನೂ ಹೇಳಲ್ಲ" ಎಂದ.

ಮಾವನ ಊರಿನಲ್ಲಿ ತೆಪ್ಪವನ್ನು ಒಣಗಿಸಲು ದಡದಲ್ಲಿ ಬೋರಲು ಹಾಕುವುದು ದಿನದ ಮಾತು. ಮನೆ ಮುಂದೆ ತಂದು ಬೋರಲು ಹಾಕಿದರೆ ಮಾತ್ರ ಅರ್ಥ ಬೇರೆ. ಆ ಮನುಷ್ಯ ಇನ್ನು ನೀರಿಗಿಳಿಯುವುದಿಲ್ಲ, ಅದರ ಮೇಲೆ ಇನ್ನು ಮೆಣಸಿನಕಾಯಿ ಒಣಗುತ್ತದೆ. ನಾನು ಯಂತ್ರ ಕೊಂಡೊಯ್ದ ದಿನ ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ: "ಮೂರು ಭಾನುವಾರ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ತೆಪ್ಪ ಮನೆ ಮುಂದೆ ಬೋರಲು ಹಾಕ್ಬುಡ್ತೀನಿ."

ಹೊಸೂರಿನ ಆಲಸನತ್ತಂನಲ್ಲಿರುವ ನನ್ನ ಮನೆಯಿಂದ ಡ್ಯಾಮಿಗೆ ಬೈಕಿನಲ್ಲಿ ಹೋಗುವಷ್ಟು ಹೊತ್ತೂ ನನ್ನ ತಲೆಯಲ್ಲಿ ಆ ಮೂರು ಭಾನುವಾರಗಳೇ. ಯಂತ್ರವೇನೂ ದೊಡ್ಡದಲ್ಲ. ನೀರಿಗೆ ಇಳಿಬಿಡುವ ಒಂದು ಗುಂಡು, ಅಂಗೈಯಗಲದ ಪರದೆ. ಗುಂಡು ಶಬ್ದವನ್ನು ತಳಕ್ಕೆ ಕಳಿಸುತ್ತದೆ, ತಿರುಗಿ ಬಂದದ್ದನ್ನು ಪರದೆ ಬರೆಯುತ್ತದೆ. ಮೊದಲ ಭಾನುವಾರ ಯಂತ್ರವೇ ಮೀನಿನ ಚಿತ್ರ ಬರೆಯುವ ಹಾಗೆ ಇಟ್ಟೆ. ಪರದೆಯ ತುಂಬ ಮೀನೋ ಮೀನು. ಮಾವ ಬಲೆ ಎಳೆದರೆ ಬಂದದ್ದು ಕೊಳೆತ ಜಾಲಿ ಕೊಂಬೆ. ಯಂತ್ರಕ್ಕೆ ನೀರೊಳಗೆ ಅಡ್ಡ ಸಿಕ್ಕಿದ್ದೆಲ್ಲ ಮೀನೇ.

ಎರಡನೆಯ ಭಾನುವಾರದ ಹೊತ್ತಿಗೆ ನಾನು ಪಂಡಿತನಾಗಿದ್ದೆ. ಕ್ಯಾಂಟೀನಿನಲ್ಲಿ ಊಟ ಬಿಟ್ಟು ಫೋನಿನಲ್ಲಿ ವಿಡಿಯೋ ನೋಡಿದ್ದೆ. ಮೀನಿನ ಚಿತ್ರ ತೆಗೆದೆ. ಪರದೆಯಲ್ಲಿ ಧೂಳಿನಂತೆ ಚುಕ್ಕೆಗಳಿದ್ದವು, ಸೆನ್ಸಿಟಿವಿಟಿ ಇಳಿಸಿ ಫಿಲ್ಟರ್ ಏರಿಸಿ ಅವನ್ನೆಲ್ಲ ಒರೆಸಿದೆ. ಅಲ್ಲಲ್ಲಿ ತಳದ ಗೆರೆಯ ಕೆಳಗೆ, ಬಹಳ ಆಳದಲ್ಲಿ, ಮಸುಕಾದ ಇನ್ನೊಂದು ಗೆರೆ ಬರುತ್ತಿತ್ತು. ಇಲ್ಲದ ತಳವನ್ನು ತೋರಿಸುವ ಸುಳ್ಳು ಗೆರೆ! ರೇಂಜನ್ನು, ಅಂದರೆ ಪರದೆ ತೋರಿಸುವ ಆಳವನ್ನು, ನಿಜವಾದ ತಳಕ್ಕೇ ನಿಲ್ಲಿಸಿ ಅದನ್ನೂ ಕತ್ತರಿಸಿದೆ. ಪರದೆ ಈಗ ಪಾಸಾದ ಶಾಫ್ಟಿನ ಹಾಗೆ ಸ್ವಚ್ಛವಾಯಿತು. "ಹಾಕು ಮಾವ, ತಳ ಸಾಫಾಗಿ ಅದೆ" ಎಂದೆ.

ಬಲೆ ನಡುಮಧ್ಯಕ್ಕೆ ಸೀಳಿ ಬಂತು. ಮಾವ ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವನು ಹರಿದ ಬಲೆಯನ್ನು ಮಡಿಚಿಟ್ಟು, ತೆಪ್ಪದ ಅಂಚನ್ನು ಬಲಗೈಯಿಂದ ಸವರಿ, ಸವರಿದ್ದು ತಿಳಿಯದೆ ಕೈಯನ್ನೇ ನೋಡಿಕೊಂಡ.

ಆ ವಾರ ಶಿಫ್ಟಿನಲ್ಲಿ ಒಳ್ಳೆಯ ಶಾಫ್ಟುಗಳನ್ನೂ ಎತ್ತಿಟ್ಟು ಬೈಸಿಕೊಂಡೆ.

ಮೂರನೆಯ ಭಾನುವಾರ ಮಾವ ಅಕ್ಕಪಕ್ಕದವರಿಂದ ಬೇರೆ ಬಲೆ ತಂದಿದ್ದ. ನಾನು ತೆಪ್ಪದಲ್ಲಿ ಕೂತವನೇ ಬಟನ್ ಒತ್ತತೊಡಗಿದೆ. ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ. ಯಾವುದನ್ನೂ ನಂಬಲಾಗಲಿಲ್ಲ. ಕೊನೆಗೆ ತಲೆಕೆಟ್ಟು ಸೆನ್ಸಿಟಿವಿಟಿಯನ್ನು ತುದಿಗೆ ಏರಿಸಿದೆ, ಫಿಲ್ಟರ್ ಬಂದ್ ಮಾಡಿದೆ, ರೇಂಜನ್ನು ಇದ್ದ ಆಳದ ಎರಡೂವರೆ ಪಟ್ಟಿಗೆ ಬಿಟ್ಟೆ. ಪರದೆ ಕಸ ಕಸವಾಯಿತು.

"ಏಯ್, ಮುಟ್ಬೇಡ" ಎಂದ ಮಾವ. "ಕೆಳಗಡೆ ಇನ್ನೊಂದು ಗೆರೆ ಬಂತಲ್ಲ, ಏನ್ಲಾ ಅದು?"

"ಅದು ಸುಳ್ಳು ಮಾವ. ಶಬ್ದ ತಳಕ್ಕೆ ಬಡಿದು ಮೇಲಕ್ಕೆ ಬತ್ತದೆ. ಅಲ್ಲಿಂದ ತಿರುಗಿ ಹೋಗಿ ಇನ್ನೊಂದ್ಸಲ ಬಡೀತದೆ. ಅಷ್ಟೇ."

"ಎರಡು ಸಲ ಬಡೀತದಾ?"

"ಹೂಂ."

"ಕೆಸರಿಗೆ ಬಡಿದ್ರೂ?"

ಮಾವ ಕಲ್ಲಿನ ಹಗ್ಗವನ್ನು ನನ್ನ ಕೈಗೆ ಕೊಟ್ಟ. "ಬಿಡು. ಅದೇನು ಹೇಳ್ತದೋ ನಂಗೆ ಹೇಳು."

ಆರು ಮಾರು ಬಿಟ್ಟೆ. ಹಗ್ಗದಲ್ಲಿ ಟಕ್ ಎಂದಿತು, ಹಿಂದೆಯೇ ಸಣ್ಣದಾಗಿ ಇನ್ನೊಂದು ಟಕ್. ಕಲ್ಲು ಕಲ್ಲಿನ ಮೇಲೆ ಬಿದ್ದು ಪುಟಿದಿತ್ತು. ಪರದೆಯಲ್ಲಿ ಎರಡು ಗೆರೆ. ಮಾವ ಹುಟ್ಟು ಹಾಕಿದ, ತೆಪ್ಪ ಸುತ್ತುತ್ತ ಸರಿಯಿತು. ಕೆಳಗಿನ ಗೆರೆ ತೆಳ್ಳಗಾಗಿ ಅಳಿಸಿಹೋಯಿತು. ಮತ್ತೆ ಕಲ್ಲು ಬಿಟ್ಟೆ, ಈ ಸಲ ಸದ್ದೇ ಇಲ್ಲದೆ ಹೂತುಕೊಂಡಿತು.

"ಕೆಸರು" ಎಂದ ಮಾವ, ನಾನು ಹೇಳುವ ಮೊದಲೇ, ಪರದೆ ನೋಡಿ. ಆಮೇಲೆ ನನ್ನ ಕಡೆ ತಿರುಗಿದ. "ಹೋದ ವಾರ ಕಸ ಅಂತ ಒರೆಸಿ ಬಿಸಾಕಿದ್ದು ಇದನ್ನೇ ಅಲ್ವೇನ್ಲಾ?"

ಒಂದು ಗಂಟೆ ನಾನು ಕಲ್ಲು ಬಿಡುವುದು, ಅವನು ಪರದೆ ಓದುವುದು. ಕೊನೆಕೊನೆಗೆ ಅವನು ಒಂದೂ ತಪ್ಪು ಹೇಳಲಿಲ್ಲ. ಗೋಡೆಯ ಪಕ್ಕದ ಕೆಸರಿನಲ್ಲಿ ಬಲೆ ಬಿಟ್ಟೆವು. ಒಂದು ಬುಟ್ಟಿ ಜಿಲೇಬಿ ಮೀನು ಬಂತು, ಬಲೆಯ ಒಂದು ಕಣ್ಣೂ ಹರಿದಿರಲಿಲ್ಲ.

ದಡದಲ್ಲಿ ತೆಪ್ಪವನ್ನು ಒಣಗಲು ಬೋರಲು ಹಾಕಿ ಮಾವ ಹೇಳಿದ: "ಮುಂದಿನ ವಾರದಿಂದ ನೀನು ಬರೋದೇನೂ ಬೇಡ. ನಾನೊಬ್ನೇ ಹೋಗ್ತೀನಿ. ಮನೇಲಿ ಮಲಕ್ಕೊ."

ನಾನು ಬಯಸಿದ್ದೇ ಅದು, ಅವನು ಯಾರ ಹಂಗೂ ಇಲ್ಲದೆ ನೀರಿಗಿಳಿಯಲಿ ಅಂತ. ಆದರೂ ಕೇಳಿದ ಕೂಡಲೇ ಮುಖ ಸಪ್ಪೆಯಾಯಿತು. ಭಾನುವಾರ ಇಡೀ ಮನೆಯಲ್ಲಿ ಕೂತು ಏನು ಮಾಡಲಿ, ಫ್ಯಾನು ತಿರುಗಿಸಲೇ?

"ಸುಮ್ನೆ ಬರ್ಲಾ ಮಾವ?"

ಅವನು ನನ್ನನ್ನು ನೋಡಿ ನಕ್ಕ. "ಬಾ. ಆದ್ರೆ ಇದನ್ನ ಮುಟ್ಟಕೂಡದು."

ಬಟನ್‌ಗಳ ಮೇಲೆ ಆವತ್ತೇ ಟೇಪು ಅಂಟಿಸಿಬಿಟ್ಟ, ಈಗಲೂ ಇದೆ. ಯಂತ್ರ ಇರುವಾಗ ಕಲ್ಲು ಬೇಕಿಲ್ಲ, ಆದರೂ ನಾನು ಹೋದ ದಿನ ಮಾವ ಹಗ್ಗವನ್ನು ನನ್ನ ಕೈಗೆ ಕೊಡುತ್ತಾನೆ. ನಾನು ಇಳಿಬಿಡುತ್ತಿರುವಾಗ ತಾನೂ ಬಲಗೈಯಿಂದ ನನ್ನ ಕೈಯ ಮೇಲ್ಗಡೆ ಅದೇ ಹಗ್ಗವನ್ನು ಹಿಡಿದು, ಪರದೆಯ ಕಡೆ ನೋಡದೆ ಕಾಯುತ್ತಾನೆ.

"ತಾಕ್ತಾ?" ಎಂದು ಕೇಳುತ್ತಾನೆ.

"ತಾಕ್ತು ಮಾವ" ಎನ್ನುತ್ತೇನೆ.