ಸುಣ್ಣ ಬಳಿದ ಕಲ್ಲಿನ ನಿಲುಗಡೆ

೨೦೦೧ರ ಮೇ ತಿಂಗಳ ಕೊನೆಯ ವಾರ, ಮುನವಳ್ಳಿಯಿಂದ ಸವದತ್ತಿಗೆ ಬರುವ ರಸ್ತೆಯ ಪಕ್ಕದ ಹೊಲವೊಂದರಲ್ಲಿ, ಶಾಲಾ ಬಸ್ ನಿಲ್ಲುವ ಜಾಗಕ್ಕೆ ಗುರುತು ಮಾಡಿದ್ದ ಕಲ್ಲಿನ ಕಾರಣಕ್ಕೆ ಹೊಡೆದಾಟವಾಗಿ ಇಬ್ಬರು ಗಾಯಗೊಂಡರು. ಒಬ್ಬ ಬಸ್ಸಿನ ಚಾಲಕ. ಇನ್ನೊಬ್ಬ ಆ ನಿಲುಗಡೆ ಕೇಳಿದ್ದ ರೈತ. ನಾನು ಬಸ್ಸಿನಲ್ಲಿದ್ದೆ.

ಆಗ ನಾನು ಸವದತ್ತಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಜೊತೆಗೆ ಒಂದು ದಿನಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದೆ. ಸುದ್ದಿಗಾಗಿ ಹಳ್ಳಿ ಸುತ್ತುವವನೆಂದು, ಬೇಸಿಗೆ ರಜೆಯಲ್ಲಿ ಬಸ್ಸಿನ ದಾರಿ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಏಪ್ರಿಲ್‌ನಲ್ಲಿ ಮನೆ ಮನೆಗೆ ಹೋಗಿ ಯಾರ ಮಕ್ಕಳು ಬರುತ್ತಾರೆಂದು ಕೇಳುವುದು. ಮೇನಲ್ಲಿ ಖಾಲಿ ಬಸ್ ಓಡಿಸಿ ನೋಡುವುದು. ಊರೊಳಗೆ ತೊಂದರೆ ಇರಲಿಲ್ಲ. ಹೊಲದಲ್ಲೇ ಮನೆ ಕಟ್ಟಿಕೊಂಡವರದು ಕಷ್ಟ. ಕಬ್ಬು ಎದ್ದ ಮೇಲೆ ರಸ್ತೆಯಿಂದ ಮನೆ ಕಾಣುವುದಿಲ್ಲ. ಅದಕ್ಕೇ ಶಾಲೆಯಲ್ಲಿ ಒಂದು ರೂಢಿ ಇತ್ತು: ಮಕ್ಕಳು ಹತ್ತುವ ಕಡೆ ಮನೆಯವರೇ ಒಂದು ಕಲ್ಲಿಗೆ ಸುಣ್ಣ ಬಳಿದಿಡಬೇಕು. ಆ ಬಿಳುಪು ಕಂಡಲ್ಲಿ ಬಸ್ ನಿಲ್ಲುತ್ತಿತ್ತು.

ಚಾಲಕ ಬೈಲಹೊಂಗಲದ ಕಡೆಯವನು, ಶಾಲೆಗೆ ಹೊಸಬ. ಮೊದಲ ದಿನವೇ ನಗೆಯಾಡಿದ್ದ: "ಸರ, ಹನಮಪ್ಪನ ಗುಡಿ ಕಟ್ಟಿಗೂ ಸುಣ್ಣ ಬಳದಾರ. ಅವನ್ನ ಸಾಲ್ಯಾಗ ಎಷ್ಟನೇತ್ತಾಕ ಹಚ್ಚೋದ್ರಿ?"

ರೈತನಿಗೆ ಒಬ್ಬಳೇ ಮಗಳು. ಊರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಎಂಟಕ್ಕೆ ಸವದತ್ತಿಗೇ ಬರಬೇಕು. ಊರಿನ ಬಸ್ ನಿಲ್ದಾಣಕ್ಕೆ ಹೋಗುವ ಕಾಲುದಾರಿ ರೈತನ ದೊಡ್ಡಪ್ಪನ ಮಗನ ಮನೆ ಮುಂದೆಯೇ ಹಾಯುತ್ತಿತ್ತು. ಎರಡು ಮನೆಗಳಿಗೂ ಹೊಲದ ಗಡಿಯ ಸಲುವಾಗಿ ವೈರವಿತ್ತು. ದೊಡ್ಡಪ್ಪನ ಮಗನಿಗೆ ಇಬ್ಬರು ಗಂಡುಮಕ್ಕಳು. ಚಳಿಗಾಲದಲ್ಲಿ ಅವರು ಹುಡುಗಿಯ ಮೇಲೆ ನಾಯಿ ಬಿಟ್ಟಿದ್ದರು. ಏಪ್ರಿಲ್‌ನಲ್ಲಿ ನಾನು ಹೋದಾಗ ತಾಯಿ ಅವಳ ಮೀನಖಂಡದ ಮೇಲಿನ ಕಲೆ ತೋರಿಸಿದಳು.

"ಬಸ್ ನಮ್ಮ ಹೊಲದ ಮುಂದ ನಿಂತ್ರ ಕಳಸತೇನ್ರಿ. ಇಲ್ಲಂದ್ರ ಸಾಲಿ ಸಾಕು. ಮಗಳ ಜೀಂವಕ್ಕಿಂತ ಸಾಲಿ ದೊಡ್ಡದಲ್ಲ," ಎಂದ ರೈತ.

ನಿಲ್ಲಿಸುತ್ತೇವೆ, ಕಲ್ಲಿಗೆ ಸುಣ್ಣ ಬಳಿಯಿರಿ ಎಂದು ಹೇಳಿ ಬಂದಿದ್ದೆ.

ಮೇ ತಿಂಗಳ ಆ ಬೆಳಿಗ್ಗೆ ದೂರದಿಂದಲೇ ಬಿಳಿ ಕಲ್ಲು ಕಂಡಿತು. ಪಕ್ಕದಲ್ಲಿ ರೈತ ನಿಂತಿದ್ದ. ಹುಡುಗಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದಳು. ಬಾಗಿಲು ತೆರೆದ ಕೂಡಲೇ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು.

"ಏ ಅವ್ವಿ, ಸಾಲಿ ಇನ್ನ ಶುರುನ ಆಗಿಲ್ಲ, ಎಲ್ಲಿಗೆ ಹೊಂಟಿ?" ಎಂದ ಚಾಲಕ.

"ಸೀಟ ಹೆಂಗದಾವ ನೋಡತೇನ್ರಿ, ಮಾಮಾ."

ಅವಳ ತಂದೆ ಸುಣ್ಣ ಬಳಿದದ್ದು ಎರಡು ಹೊಲಗಳ ನಡುವಿನ ಗಡಿಕಲ್ಲಿಗೆ. ಅದು ಎರೆಮಣ್ಣಿನ ಹೊಲ. ರಸ್ತೆಗೆ ಕಾಣುವಂಥ ಬೇರೆ ಕಲ್ಲು ಅಲ್ಲಿರಲಿಲ್ಲ. ಆದರೆ ಆ ಸೀಮೆಯಲ್ಲಿ ಹೊಲ ಅಳೆದು ಗಡಿ ತೀರ್ಮಾನವಾದ ಮೇಲೆ, ಗೆದ್ದವರು ಗಡಿಕಲ್ಲಿಗೆ ಸುಣ್ಣ ಬಳಿಯುತ್ತಾರೆ. ಇವರ ಗಡಿ ಇನ್ನೂ ತೀರ್ಮಾನವಾಗಿರಲಿಲ್ಲ.

ದೊಡ್ಡಪ್ಪನ ಮಗ ಜಾಲಿ ಕಡಿಯುತ್ತಿದ್ದವನು ಕೊಡಲಿ ಹಿಡಿದೇ ಬಂದ. ಹಿಂದೆ ಇಬ್ಬರು ಮಕ್ಕಳು, ಕೈಯಲ್ಲಿ ಬಡಿಗೆ. ಅವನು ಬಸ್ಸನ್ನು ನೋಡಲಿಲ್ಲ, ಕಲ್ಲನ್ನು ನೋಡಿದ.

"ಯಾವ ಸರ್ವೇದಾಂವ ಬಂದಿದ್ದಲೇ? ಯಾರನ್ನ ಕೇಳಿ ಸುಣ್ಣ ಬಳದಿ?"

"ಅಣ್ಣಾ, ಬಸ್ಸಿಗೆ ಬಳದೇನಿ, ಹೊಲಕ್ಕಲ್ಲ. ಇಲ್ಲಿ ಮತ್ತೊಂದ ಕಲ್ಲ ಎಲ್ಲೈತಿ ತೋರಸ."

"ಬಸ್ಸಿನ ಹೆಸರಲೆ ಹೊಲ ನುಂಗಾಂವ ನೀ! ನಿನ್ನ ಮಗಳೇನ ಸಾಲಿ ಕಲತ ಡಿಸಿ ಆಗಾಕಿ?"

"ಆದ್ರ ಆಗ್ಲಿ ಬಿಡ. ನಿನ್ನ ಮಕ್ಕಳಂತೂ ಏಳನೇತ್ತಾ ದಾಟಲಿಲ್ಲ."

ಕೊಡಲಿಯ ಮೊದಲ ಏಟು ಕಲ್ಲಿಗೆ ಬಿತ್ತು. ಎರಡನೆಯದು ರೈತನ ಎಡ ಭುಜಕ್ಕೆ. ಮೂಳೆ ಮುರಿದ ಸದ್ದು ಬಸ್ಸಿನೊಳಗೆ ಕೇಳಿಸಿತು. ಅವನು ಕುಸಿದ ಮೇಲೂ ಕಿರಿಯ ಮಗ ಬೆನ್ನಿಗೆ ಬಡಿಗೆಯಿಂದ ಹೊಡೆಯುತ್ತಲೇ ಇದ್ದ. ಚಾಲಕ ಜಾಕ್‌ನ ರಾಡ್ ಹಿಡಿದು ಕೆಳಗೆ ಜಿಗಿದ. ಹಿರಿಯ ಮಗನ ಬಡಿಗೆ ಅವನ ಹುಬ್ಬಿನ ಮೇಲೆ ಬಿದ್ದು ಚರ್ಮ ಹರಿಯಿತು. ಮನೆಯಿಂದ ಓಡಿ ಬಂದ ತಾಯಿಯನ್ನು ಕೂದಲು ಹಿಡಿದು ಎಳೆದು ಬದುವಿನ ಕೆಳಗೆ ನೂಕಿದರು. ನಾನು ಬಾಗಿಲನ್ನು ಒಳಗಿನಿಂದ ಹಿಡಿದು ನಿಂತಿದ್ದೆ. ಮುಂದಿನ ಗಾಜು ಎರಡು ಏಟಿಗೆ ಒಡೆಯಿತು. ಚೂರುಗಳು ಹುಡುಗಿಯ ಮಡಿಲಿಗೆ ಬಿದ್ದವು. ಅವಳು ಅಳಲಿಲ್ಲ, ಸೀಟು ಬಿಟ್ಟು ಏಳಲೂ ಇಲ್ಲ.

ಮುನವಳ್ಳಿ ಕಡೆಯಿಂದ ಬಂದ ಒಂದು ಟೆಂಪೋದ ಜನ ಇಳಿದು ಬಿಡಿಸಿದರು. ಅಪ್ಪ ಮಕ್ಕಳು ಹೊಲ ದಾಟಿ ಹೋದರು.

ರೈತನನ್ನು ಸೀಟುಗಳ ನಡುವೆ ಮಲಗಿಸಿದೆವು. ತಾಯಿ ಸೆರಗನ್ನು ಗಾಯಕ್ಕೆ ಒತ್ತಿ ಹಿಡಿದಿದ್ದಳು. ಚಾಲಕ ತಲೆಗೆ ಟವೆಲ್ ಸುತ್ತಿಕೊಂಡು, ಒಂದೇ ಕಣ್ಣಿನಲ್ಲಿ ನೋಡುತ್ತ, ಗಾಜಿಲ್ಲದ ಬಸ್ಸನ್ನು ಸವದತ್ತಿಯ ಆಸ್ಪತ್ರೆಗೆ ಓಡಿಸಿದ.

"ಸರ," ಎಂದ ರೈತ ಮಲಗಿದಲ್ಲಿಂದಲೇ, "ಸ್ಟಾಪ್ ತಗೀಬ್ಯಾಡ್ರಿ."

"ಗೌಡ್ರ, ಸುಮ್ನ ಮಲಕೋರಿ," ಎಂದು ಚಾಲಕ ಕೂಗಿದ. "ರಕ್ತ ಹರ್ಯಾಕ ಹತ್ತೈತಿ, ನಿಮಗ ಸ್ಟಾಪಿನ ಚಿಂತಿ!"

ಪೊಲೀಸರು ಮೂವರನ್ನೂ ಹಿಡಿದರು. ವಾರದೊಳಗೆ ಜಾಮೀನು ಸಿಕ್ಕಿತು. ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ ಅಧ್ಯಕ್ಷರು, "ಹೊಲ ಅವರದು, ಜಗಳ ಅವರದು. ನಡುವ ನಮ್ಮ ಡ್ರೈವರ್ ಯಾಕ ಸಾಯಬೇಕ್ರಿ?" ಎಂದರು. ನಿಲುಗಡೆಯನ್ನು ಸ್ವಲ್ಪ ಮುಂದಿನ ಕಾಲುವೆ ಸೇತುವೆಗೆ ಸರಿಸಬಹುದೆಂದು ನಾನು ಹೇಳಿದೆ. ಇನ್ನೊಂದು ಸಲ ನೋಡಲು ಒಪ್ಪಿದರು.

ಜೂನ್ ಮೊದಲ ವಾರ ಬೇರೊಬ್ಬ ಚಾಲಕನೊಂದಿಗೆ ಹೋದೆ. ಬಸ್ ಸೇತುವೆ ಮುಟ್ಟುವ ಮೊದಲೇ ಗಲಾಟೆ ಕಂಡಿತು. ತಾಯಿ ಮಗಳು ಅಲ್ಲಿ ಕಾಯುತ್ತಿದ್ದರು, ದೊಡ್ಡಪ್ಪನ ಮಗನ ಇಬ್ಬರು ಗಂಡುಮಕ್ಕಳೂ ಬಂದಿದ್ದರು. ಹಿರಿಯವನು ಹುಡುಗಿಯ ಕೆನ್ನೆಗೆ ಹೊಡೆದು ಅವಳ ಚೀಲವನ್ನು ಕಾಲುವೆಗೆ ಎಸೆದ. ಕಿರಿಯವನು ತಾಯಿಯ ಕೈ ತಿರುವಿ ಹಿಡಿದಿದ್ದ.

"ಬಸ್ ನಿಂದ್ರಸ್ರಿ, ನೋಡೂಣು!" ಎಂದು ಅವನು ನಮ್ಮ ಕಡೆ ಕೂಗಿದ. "ಈ ಸಲ ಗಾಜಿಗಲ್ಲ, ಬಸ್ಸಿಗೇ ಬೆಂಕಿ ಹಚ್ಚತೇವಿ!"

ನಾವು ಇಳಿದಾಗ ಇಬ್ಬರೂ ಕಾಲುವೆಯ ಏರಿಯ ಮೇಲೆ ಓಡಿದರು. ಹುಡುಗಿಯ ಬಾಯಿಂದ ರಕ್ತ ಬರುತ್ತಿತ್ತು. ಅವಳು ನೀರಿನಲ್ಲಿ ಹೋಗುತ್ತಿದ್ದ ಚೀಲವನ್ನು ನೋಡುತ್ತಿದ್ದಳು. ಎರಡನೆಯ ದೂರೂ ದಾಖಲಾಯಿತು. ಅದೇ ಸಂಜೆ ಮಂಡಳಿ ಆ ನಿಲುಗಡೆಯನ್ನು ಕೈಬಿಟ್ಟಿತು. ರೈತನಿಗೆ ತಿಳಿಸಲು ನಾನೇ ಆಸ್ಪತ್ರೆಗೆ ಹೋದೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ.

ಶಾಲೆ ಶುರುವಾಯಿತು. ಬಸ್ ಅದೇ ರಸ್ತೆಯಲ್ಲಿ ಹೋಗುತ್ತಿತ್ತು, ಅಲ್ಲಿ ನಿಲ್ಲುತ್ತಿರಲಿಲ್ಲ. ಚಾಲಕ ಹೊಲಿಗೆ ಬಿಚ್ಚಿಸಿಕೊಂಡು ಕೆಲಸಕ್ಕೆ ಬಂದ. ಹುಡುಗಿಯನ್ನು ರಾಮದುರ್ಗದ ಸೋದರತ್ತೆಯ ಮನೆಗೆ ಕಳಿಸಿದರು. ನ್ಯಾಯಾಲಯದಲ್ಲಿ ನಾನೂ ಚಾಲಕನೂ ಸಾಕ್ಷಿ ಹೇಳಿದೆವು. ದೊಡ್ಡಪ್ಪನ ಮಗನಿಗೆ ಶಿಕ್ಷೆಯಾಯಿತು, ಅವನ ಮಕ್ಕಳು ಬಿಡುಗಡೆಯಾದರು.

ಹುಡುಗಿ ೨೦೦೪ರಲ್ಲಿ ರಾಮದುರ್ಗದಲ್ಲೇ ಎಸ್ಸೆಸ್ಸೆಲ್ಸಿ ಪಾಸಾದಳು. ಅಲ್ಲಿಯವರೆಗೆ ರಜೆಗೂ ಹೊಲದ ಮನೆಗೆ ಬಂದಿರಲಿಲ್ಲ.