ಗಡಿಗೆಯ ತಳದ ಕಾಳು

ಬೆಳಿಗ್ಗೆ ಏಳಾಯಿತೆಂದರೆ ಕಸಿಲ್ದಾಳ ಅಂಗಳದಲ್ಲಿ ಮಕ್ಕಳ ಗಲಾಟೆ ಶುರು. ಪ್ವೆಬ್ಲಾ ಪಟ್ಟಣದ ಅಂಚಿನ ಆ ಕುಂಬಾರಗೇರಿಯಿಂದ ಸಂತೆಗೆ, ಹೊಲಿಗೆ ಕಾರ್ಖಾನೆಗೆ ಹೋಗುವ ತಾಯಂದಿರು ಮಕ್ಕಳನ್ನು ಅವಳ ಮಡಿಲಿಗೆ ಹಾಕಿ ಬಸ್ಸಿಗೆ ಓಡುತ್ತಿದ್ದರು. ಒಟ್ಟು ಆರು ಮಕ್ಕಳು. ಏಳನೆಯದು ಅವಳ ತಮ್ಮ ಚಾನೊ ಎಂದು ಗೇರಿಯವರು ನಗುತ್ತಿದ್ದರು. ಅವರ ನಗುವಿಗಿಷ್ಟು ಬೆಂಕಿ ಬೀಳ! ಚಾನೊಗೆ ನಲವತ್ತೆರಡು ವರ್ಷ, ಎಣಿಕೆ ಮಾತ್ರ ಹತ್ತರಾಚೆ ಹೋಗದು. ಅವನನ್ನು ಹೊತ್ತಿದ್ದಾಗ ಅಮ್ಮ ಗ್ರಹಣದ ಹೊತ್ತಿನಲ್ಲಿ ಹೊಟ್ಟೆಗೆ ಕೆಂಪು ದಾರ ಕಟ್ಟದೆ, ಪಿನ್ನು ಸಿಕ್ಕಿಸದೆ ನೀರಿಗೆ ಹೋಗಿದ್ದಳಂತೆ. ಚಂದ್ರ ಮಗುವಿನ ಬುದ್ಧಿಯನ್ನು ಕಚ್ಚಿಕೊಂಡ ಎಂದು ಎಲ್ಲರೂ ಅಂದರು. ಆ ಒಂದು ಕೊಡ ನೀರಿಗಾಗಿ ಅಮ್ಮ ಸಾಯುವವರೆಗೂ ತನ್ನನ್ನೇ ಹಳಿದುಕೊಂಡಳು.

ಅಮ್ಮ ಮಾಡಿಟ್ಟು ಹೋದ ದೊಡ್ಡ ಗಡಿಗೆಯಲ್ಲೇ ಕಸಿಲ್ದಾಳ ಅಡುಗೆ. ಗಡಿಗೆಯ ಒಳಗೆಲ್ಲ ಜೇನುಬಣ್ಣದ ಮೆರುಗು. ಕುಂಬಾರರು ಅದನ್ನು ಗ್ರೇತಾ ಅನ್ನುತ್ತಾರೆ. ಕಪ್ಪು ಕಾಳು, ಟೊಮೇಟೊ, ಮೇಲಿಷ್ಟು ನಿಂಬೆಹುಳಿ ಹಾಕಿ ಬೇಯಿಸಿದರೆ ಬೀದಿಯ ತುದಿಗೂ ಘಮಘಮ. ಮಕ್ಕಳಲ್ಲಿ ರೆಮಿ ಎಂಬ ಎರಡು ವರ್ಷದ ಹುಡುಗ ಬಲು ಸೊರಗಿದ್ದ, ತುತ್ತು ಇಟ್ಟರೆ ಮುಖ ತಿರುಗಿಸುತ್ತಿದ್ದ. ತಳದಲ್ಲಿ ಗಟ್ಟಿಯಾಗಿ ಉಳಿದ ಕಾಳನ್ನು ಮರದ ಸೌಟಿನಿಂದ ಕೆರೆದು ರೊಟ್ಟಿಗೆ ಸವರಿ ಕೊಟ್ಟರೆ ಮಾತ್ರ ತಿನ್ನುತ್ತಿದ್ದ. ಹಾಗಾಗಿ ತಳದ್ದು ದಿನಾ ಅವನಿಗೇ ಮೀಸಲು.

ಆರೋಗ್ಯ ಕೇಂದ್ರದ ನರ್ಸು ಬಂದು ಮಕ್ಕಳ ರಕ್ತ ತೆಗೆದುಕೊಂಡು ಹೋದಳು. ವಾರದ ಮೇಲೆ ಚೀಟಿ ಹಿಡಿದು ಬಂದಳು. ಐದರೊಳಗೆ ಇರಬೇಕಾದ ಅಂಕಿ ಆರೂ ಮಕ್ಕಳಲ್ಲಿ ಮೀರಿತ್ತು. ರೆಮಿಗೆ ಹತ್ತೊಂಬತ್ತು.

"ಇದು ಸೀಸ ಕಸಿಲ್ದಕ್ಕ. ನಿಮ್ಮ ಗ್ರೇತಾದಲ್ಲಿರೋದು ಅದೇ. ಹುಳಿ ಬಿದ್ರೆ ಊಟಕ್ಕೆ ಬಿಟ್ಕೊಳುತ್ತೆ."

"ಹೋಗೇ ಹುಡುಗಿ. ಸುಣ್ಣದ ನೀರು, ಬೆಳ್ಳುಳ್ಳಿ ಹಾಕಿ ಇಡೀ ದಿನ ಕುದಿಸಿ ಪಳಗಿಸಿರೋ ಗಡಿಗೆ ಅದು. ಹುಟ್ಟಿದಾಗಿಂದ ಅದರಲ್ಲೇ ಉಂಡಿದೀನಿ. ನಂಗೇನಾಗಿದೆ?"

"ಪಳಗಿಸಿದ್ರೆ ನೀರು ಸೋರೋದು ನಿಲ್ಲುತ್ತೆ, ಸೀಸ ನಿಲ್ಲಲ್ಲ. ದೊಡ್ಡೋರಲ್ಲಿ ಎಷ್ಟೋ ಸಲ ಗೊತ್ತೇ ಆಗಲ್ಲ. ಎಳೇ ಮಕ್ಕಳಿಗೆ ತಲೆಗೇ ಹೋಗುತ್ತೆ. ಊಟ ಸೇರಲ್ಲ, ಮಾತು ತಡ, ಲೆಕ್ಕ ಹತ್ತಲ್ಲ. ಬಸುರೀಲಿ ತಾಯಿ ತಿಂದ್ರೂ ಮಗುಗೆ ಹೋಗುತ್ತೆ."

ಕಸಿಲ್ದಾ ಹೊರಗೆ ನೋಡಿದಳು. ಅಂಗಳದಲ್ಲಿ ಚಾನೊ ರೆಮಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಸಿ ಕಾಳುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಹತ್ತಕ್ಕೆ ಬಂದು, ಮತ್ತೆ ಒಂದರಿಂದ ಶುರು ಮಾಡಿದ. ಅವಳು ಒಲೆಯ ಮೇಲಿದ್ದ ಗಡಿಗೆಯನ್ನು ಕೆಳಗಿಳಿಸಿದಳು.

ಸಂಜೆ ರೆಮಿಯ ತಾಯಿ ಅರಸೇಲಿ ಬಂದಳು. ಕಣ್ಣು ಕೆಂಪಾಗಿತ್ತು.

"ಎಲ್ರೂ ಒಂದೇ ಊಟ ತಾನೇ ಮಾಡೋದು? ನನ್ನ ಮಗನಿಗೇ ಯಾಕಕ್ಕ ಇಷ್ಟು ಜಾಸ್ತಿ?"

ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಳ ಕೆರೆದದ್ದನ್ನು ತಾಯಂದಿರ್ಯಾರೂ ಕಂಡಿರಲಿಲ್ಲ.

"ತಳದ್ದು ಅವನಿಗೇ ಕೊಡ್ತಿದ್ದೆ ಕಣೇ, ಕೆರೆದು ಕೆರೆದು," ಎಂದಳು ಕಸಿಲ್ದಾ. "ಮೈ ಹತ್ತಲಿ ಅಂತ."

ಅರಸೇಲಿ ಮಗುವನ್ನೆತ್ತಿಕೊಂಡು ಹೋದಳು, ಮತ್ತೆ ಎಂಟು ದಿನ ಬರಲಿಲ್ಲ.

ಅಷ್ಟರಲ್ಲಿ ಕಸಿಲ್ದಾ ಗಡಿಗೆಯ ತಳಕ್ಕೆ ಮೊಳೆಯಿಟ್ಟು ತೂತು ಹೊಡೆದಳು. ಇನ್ಯಾರೂ ಅದರಲ್ಲಿ ಬೇಯಿಸಬಾರದು. ಸ್ಟೀಲಿನ ಪಾತ್ರೆ ತಂದಳು. ಅಮ್ಮ ಗಡಿಗೆ ಸುಡುತ್ತಿದ್ದ ಹಳೇ ಗೂಡಿನ ಕಡೆ ಮಕ್ಕಳು ಹೋಗದ ಹಾಗೆ ಬೇಲಿ ಹಾಕಿದಳು, ಸೀಸದ ಧೂಳು ಏಳದಂತೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಉಣ್ಣುವ ಮುಂಚೆ ಒಂದೊಂದು ಕೈಯನ್ನೂ ತಾನೇ ಸೋಪು ಹಚ್ಚಿ ತೊಳೆದಳು. ಒಂಬತ್ತನೆಯ ದಿನ ಅರಸೇಲಿ ಬಂದವಳೇ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಎತ್ತಿ ನೋಡಿದಳು.

"ನೀನು ಸುಳ್ಳು ಹೇಳ್ಬಹುದಿತ್ತು ಅಕ್ಕ," ಎಂದು ಮಗುವನ್ನು ಕೆಳಗಿಳಿಸಿದಳು.

ಆರು ತಿಂಗಳಿಗೆ ರೆಮಿಯದು ಹನ್ನೊಂದಕ್ಕೆ ಇಳಿಯಿತು. ಬುದ್ಧಿಯಲ್ಲಿ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಕೇಳಿದರೆ, ಬೆಳೀತಾ ನೋಡ್ಬೇಕು ಅಂದಳು ನರ್ಸು.

ಸತ್ತವರು ಮನೆಗೆ ಬರುವ ನವೆಂಬರಿನ ದಿನ ಕಸಿಲ್ದಾ ಅಮ್ಮನ ಪಟದ ಮುಂದೆ ಚೆಂಡುಹೂ ಹರಡಿ, ಬಟ್ಟಲಲ್ಲಿ ಕಾಳು ಇಟ್ಟಳು.

"ಅಮ್ಮನ ಗಡಿಗೆ ಎಲ್ಲಕ್ಕಾ?" ಎಂದ ಚಾನೊ.

"ಒಡೆದೋಯ್ತು ಕಣೋ."

ಗ್ರಹಣ ಅಲ್ಲಮ್ಮ, ನೀನು ನೀರಿಗೆ ಹೋಗಿದ್ದಕ್ಕಲ್ಲ. ಇಷ್ಟನ್ನು ಹೇಳಿಬಿಡಬೇಕೆಂದು ತಿಂಗಳುಗಟ್ಟಲೆ ಕಾದಿದ್ದಳು. ಮಾತು ಗಂಟಲಿಗೂ ಬಂತು. ಹಾಗಾದರೆ ಮತ್ತೇನು ಎಂದು ಅಮ್ಮ ಕೇಳಿದರೆ? ನೀನು ಮಾಡಿದ ಗಡಿಗೆ, ನೀನು ಉಣಿಸಿದ ಕಾಳು ಎನ್ನಬೇಕು. ಅದನ್ನು ಕೇಳಿದಾಗ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ಬಟ್ಟಲನ್ನು ಪಟದ ಹತ್ತಿರಕ್ಕೆ ಸರಿಸಿ, "ಬಿಸಿಯಿದೆ, ಉಣ್ಣಮ್ಮ," ಎಂದಳು.