ದಿಬ್ಬಣಕ್ಕೊಂದು ಕೆಂಪು ಕಾರು

ಹೋದ ಭಾನುವಾರ ನಾನು ಒಂದು ಎಮ್ಮೆಯನ್ನು ಬಹಳ ಹತ್ತಿರದಿಂದ ನೋಡಿದೆ.

ಎಷ್ಟು ಹತ್ತಿರ ಎಂದರೆ, ಅದು ಮೆಲುಕು ಹಾಕುವುದನ್ನು ನಿಲ್ಲಿಸಿದ್ದು ಕಾಣಿಸಿತು. ಮೆಲುಕು ನಿಲ್ಲಿಸಿದ ಎಮ್ಮೆಯನ್ನು ನೀವು ನೋಡಿದ್ದೀರಾ? ಬಸ್ಸು ಬಂದರೂ, ಲಾರಿ ಬಂದರೂ, ಮಂತ್ರಿಗಳ ಕಾರು ಸೈರನ್ ಹಾಕಿಕೊಂಡು ಬಂದರೂ ನಮ್ಮ ಹೆದ್ದಾರಿಯ ಎಮ್ಮೆಗಳು ದವಡೆ ಆಡಿಸುವುದನ್ನು ಬಿಟ್ಟವಲ್ಲ. ಇದು ಬಿಟ್ಟಿತು. ಅದಕ್ಕೂ ನಮ್ಮ ಕಾರಿನ ಬಂಪರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. (ಇಳಿದು ಅಳೆದೆ. ಒಂದೆರಡು ಬೆರಳು ಹೆಚ್ಚುಕಡಿಮೆ ಇರಬಹುದು.)

ನಮ್ಮ ಕಾರು ಅಂದೆ. ತಪ್ಪು. ಅದಿನ್ನೂ ನಮ್ಮದಾಗಿರಲಿಲ್ಲ. ಆಗಬೇಕೋ ಬೇಡವೋ ಎಂದು ನೋಡುವುದಕ್ಕೇ ನಾವು ಅದರಲ್ಲಿ ಕೂತಿದ್ದು.

ಮೊದಲಿನಿಂದ ಹೇಳುತ್ತೇನೆ.

ನನ್ನ ಅಕ್ಕನ ಮನೆ ಬಾಳೆಗುಳಿಯಲ್ಲಿ. ಭಾವನಿಗೆ ಸೊಸೈಟಿಯಲ್ಲಿ ನೌಕರಿ, ಎರಡು ತುಂಡು ಗದ್ದೆ, ಒಂದು ಸ್ಕೂಟರ್. ಅವರ ಮಗಳು ಸುಮತಿಗೆ ಹಣಕೋಣದ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಮದುವೆ ಬಾಳೆಗುಳಿಯ ಮನೆಯಂಗಳದಲ್ಲಿ. ಊಟ ಮುಗಿದ ಮೇಲೆ ಮದುಮಕ್ಕಳು ಹಣಕೋಣಕ್ಕೆ ಹೊರಡಬೇಕು. ನಡುವೆ ಬಿಣಗಾ ಘಾಟಿ, ಕಾರವಾರ ಪೇಟೆ, ಕಾಳಿ ಸೇತುವೆ. ಅದೇ ಕಾರಿನಲ್ಲಿ ಸೋದರಮಾವನೂ ಕೂತು ಹೋಗಿ ಹುಡುಗಿಯನ್ನು ಒಪ್ಪಿಸಿ ಬರಬೇಕು. ಸೋದರಮಾವ ಎಂದರೆ ನಾನು. ಆದ್ದರಿಂದ ಈ ವಿಷಯದಲ್ಲಿ ನಾನು ಪೂರ್ತಿ ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳಲಾರೆ.

ಮದುಮಕ್ಕಳ ಕಾರು ಎಂದರೆ ನಮ್ಮಲ್ಲಿ ಕರಿ ಅಂಬಾಸಿಡರ್. ಬಾಡಿಗೆಗೆ ಹೇಳುವುದು, ಅಬ್ಬಲಿಗೆ ಮಾಲೆ ಕಟ್ಟುವುದು, ಒಂಬತ್ತು ಜನ ತುಂಬಿಕೊಳ್ಳುವುದು, ಹೊರಡುವುದು. ಭಾವನೂ ಹಾಗೆಯೇ ಮಾಡುತ್ತಿದ್ದರು. ಆದರೆ ನಿಶ್ಚಯದ ವೀಳ್ಯ ಮುಗಿಸಿ ಹಣಕೋಣದಿಂದ ವಾಪಸು ಬರುವಾಗ ಚಿತ್ತಾಕುಲದಲ್ಲಿ ಚಾ ಕುಡಿಯಲು ಇಳಿದರು. ಚಾ ಅಂಗಡಿಯ ಪಕ್ಕದ ಹಿತ್ತಿಲಲ್ಲಿ ತೆಂಗಿನ ಗರಿಯ ಮಡ್ಲು ಹೊದಿಸಿದ ಚಪ್ಪರ. ಚಪ್ಪರದಡಿ ಇದು.

ಕೆಂಪು. ಎರಡೇ ಬಾಗಿಲು. ದೋಣಿಯಷ್ಟು ಉದ್ದದ ಮೂತಿ. ಮೂತಿಯ ಮೇಲೆ ಎರಡು ಬಿಳಿ ಪಟ್ಟೆ. ಒಡೆಯರ ಹೆಸರು ಶಾಂತಾರಾಮ ಎಂದಿಟ್ಟುಕೊಳ್ಳಿ. ಬಹಳ ವರ್ಷ ಗಲ್ಫ್‌ನಲ್ಲಿದ್ದವರು, ಬರುವಾಗ ಹಡಗಿನಲ್ಲಿ ಹಾಕಿಕೊಂಡು ಬಂದದ್ದು.

"ಎಂಟು ಸಿಲಿಂಡರ್, ಸಾಯ್ಬಾ. ಇದಕ್ಕೆ ಅಮೆರಿಕದಲ್ಲಿ ಮಸಲ್ ಕಾರ್ ಅಂತಾರೆ," ಎಂದರಂತೆ ಶಾಂತಾರಾಮ.

(ಮಸಲ್ ಎಂದರೆ ಮಾಂಸಖಂಡ. ಕಾಳಿ ನದಿ ಸಮುದ್ರ ಸೇರುವ ಬಾಯಲ್ಲಿ, ಉಪ್ಪುಗಾಳಿಯಲ್ಲಿ, ಮಡ್ಲಿನ ಕೆಳಗೆ ವರ್ಷಗಟ್ಟಲೆ ಮಲಗಿದ ಮೇಲೆ ಯಾರ ಮಾಂಸಖಂಡ ಎಷ್ಟು ಉಳಿದೀತು? ಈ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ.)

ಭಾವ ಆ ರಾತ್ರಿ ಊಟ ಬಿಟ್ಟರು. ಮರುದಿನದಿಂದ ಅವರ ಲೆಕ್ಕಾಚಾರ ಶುರು. ಮದುವೆಗೆ ಮಗಳನ್ನು ಇದರಲ್ಲಿ ಕಳಿಸುವುದು. ಬೀಗರ ಊರು ಬಾಯಿ ಬಿಟ್ಟು ನೋಡಬೇಕು. ಆಮೇಲೆ ಬಾಡಿಗೆಗೆ ಬಿಡುವುದು. ಅಂಕೋಲೆಯಿಂದ ಮಾಜಾಳಿಯ ತನಕ ಮದುಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. (ಬೆಲೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಅಕ್ಕ ಈ ಪತ್ರಿಕೆ ಓದುತ್ತಾಳೆ.)

ಎರಡೇ ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಬಾಸಿಂಗ ಕಟ್ಟಿದ ಮದುಮಗ ನುಗ್ಗುವುದು ಹೇಗೆ ಎಂದು ನಾನು ಕೇಳಿದೆ. "ಬಗ್ಗಿ," ಎಂದರು ಭಾವ.

ಹೀಗೆ ಭಾನುವಾರ ಬಂತು. ಟ್ರಯಲ್ ನೋಡುವುದು. ನನ್ನನ್ನು ಕರೆದದ್ದು ಸಾಕ್ಷಿಗೆ. "ನೀ ಯಾವುದಕ್ಕೂ ನಿಧಾನದವ. ನೋಡಿ ಹೇಳು," ಎಂದು ಅಕ್ಕ ಕಳಿಸಿದಳು.

ಸ್ಟೇರಿಂಗ್ ಎಡಗಡೆ. ಭಾವ ಎಡಗಡೆ ಕೂತರು. ನಾನು ಬಲಗಡೆ, ಅಂದರೆ ನಮ್ಮ ದೇಶದಲ್ಲಿ ಡ್ರೈವರ್ ಕೂರುವ ಕಡೆ. ಶಾಂತಾರಾಮ ಹಿಂದೆ. ಸ್ಟಾರ್ಟ್ ಮಾಡಿದಾಗ ಚಾ ಅಂಗಡಿಯ ಗ್ಲಾಸುಗಳು ಒಂದಕ್ಕೊಂದು ಬಡಿದುಕೊಂಡವು. ಸೇತುವೆ ದಾಟಿದೆವು. ಪೇಟೆ ದಾಟಿದೆವು. ಜನ ತಿರುಗಿ ನೋಡಿದರು, ಅದು ನಿಜ. ಭಾವ ಆಗಾಗ ಕನ್ನಡಿಯಲ್ಲಿ ನೋಡಿಕೊಂಡರು. ರಸ್ತೆಯನ್ನಲ್ಲ.

ಘಾಟಿ ಹತ್ತುವಾಗ ಕಾರು ಚೆನ್ನಾಗಿಯೇ ಹತ್ತಿತು. ಇದನ್ನು ಹೇಳದಿದ್ದರೆ ಅನ್ಯಾಯ. ಎದುರಿಗೆ ಬಂದ ಒಬ್ಬ ಲಾರಿಯವ, ಬಲಗಡೆ ಕೈ ಕಟ್ಟಿ ಕೂತಿದ್ದ ನನ್ನನ್ನು ನೋಡಿ, "ಏ, ಸ್ಟೇರಿಂಗ್ ಹಿಡಿಯಾ, ಸಾಯ್ತೆ!" ಎಂದು ಕೂಗಿಕೊಂಡು ಹೋದ. ಅವನ ಮಾತಿನ ಮೊದಲರ್ಧ ತಪ್ಪು. ಎರಡನೆಯ ಅರ್ಧ ಹೆಚ್ಚುಕಡಿಮೆ ಸರಿ.

ಇಳಿಜಾರಿನ ಕೊನೆಯ ತಿರುವಿನಲ್ಲಿ ಎಮ್ಮೆ. ರಸ್ತೆಗೆ ಅಡ್ಡ. ಭಾವ ಬ್ರೇಕ್ ಒತ್ತಿದರು. ಕಾರಿಗೆ ಅದು ಗೊತ್ತಾಗಲಿಲ್ಲ. ಮತ್ತೆ ಒತ್ತಿದರು. ಪೆಡಲ್ ನೆಲ ಮುಟ್ಟಿದ್ದು ನನ್ನ ಕಾಲಿಗೂ ಕೇಳಿಸಿತು.

"ಪಂಪ್ ಮಾಡಿ, ಪಂಪ್ ಮಾಡಿ!" ಎಂದರು ಹಿಂದಿನಿಂದ ಶಾಂತಾರಾಮ, ಯಾವ ಗಾಬರಿಯೂ ಇಲ್ಲದೆ. ಸೈಕಲ್ಲಿಗೆ ಗಾಳಿ ಹೊಡೆಯಲು ಹೇಳುವವರ ಹಾಗೆ.

ಭಾವ ಪಂಪ್ ಮಾಡಿದರು. ಕಾರು ನಿಂತಿತು. ಮುಂದಿನದು ನಿಮಗೆ ಗೊತ್ತು. ಒಂದು ಗೇಣು.

"ದೊಡ್ಡ ಗಾಡಿ ಅಲ್ವಾ ಬಾಬಾ, ಸ್ವಲ್ಪ ಮೊದಲೇ ಹೇಳಿ ಇಡ್ಬೇಕು," ಎಂದರು ಶಾಂತಾರಾಮ.

ಬ್ರೇಕಿಗೆ ಮೊದಲೇ ಹೇಳಿ ಇಡುವುದು ಹೇಗೆ? ಕಾರ್ಡು ಹಾಕುವುದೇ?

ಸಂಜೆ ಬಾಳೆಗುಳಿಯ ಜಗಲಿಯಲ್ಲಿ ಎಲ್ಲರೂ ಕೂತರು. ಭಾವ, ಅಕ್ಕ, ಸುಮತಿ, ಭಾವನ ತಾಯಿ. ಅವರನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಾರೆ, ನಾನೂ ಆಯಿ ಎನ್ನುತ್ತೇನೆ.

"ಗಾಡಿ ಬೆಣ್ಣೆ," ಎಂದರು ಭಾವ.

"ತಮ್ಮಾ, ನೀ ಹೇಳು," ಎಂದಳು ಅಕ್ಕ.

"ಬ್ರೇಕ್ ಸರಿ ಇಲ್ಲ," ಎಂದೆ.

"ಗಾಡಿ ನಿಂತಿತೋ ಇಲ್ವೋ?" ಭಾವನ ಪಾಟೀಸವಾಲು.

"ನಿಂತಿತು."

"ಎಮ್ಮೆಗೆ ತಾಗಿತೋ?"

"ಇಲ್ಲ."

"ನಿಂಗೆಂತಾದ್ರೂ ಪೆಟ್ಟಾಯ್ತೋ?"

"ಇಲ್ಲ, ಆದ್ರೆ..."

"ಮತ್ತೆಂತಾ ನಿನ್ನ ತಕರಾರು ಮಾರಾಯಾ? ನಿಂತದ್ದೂ ಹೌದು, ತಾಗಲಿಲ್ಲ ಅನ್ನೂದೂ ಹೌದು. ಬ್ರೇಕ್ ಇನ್ನೆಂತ ಮಾಡ್ಬೇಕು, ಇಳಿದು ಬಂದು ನಮಸ್ಕಾರ ಮಾಡ್ಬೇಕಾ?"

ಎಲ್ಲರೂ ನಕ್ಕರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಕೊನೆಗೆ ಕಾರಿನ ಪರವಾಗಿ ಸಾಕ್ಷಿ ಹೇಳಿದವನು ನಾನೇ ಆಗಿದ್ದೆ.

ಸುಮತಿ ಮಾತ್ರ ನಗಲಿಲ್ಲ. "ಮಾವಾ, ಗಾಡಿ ನಿಂತದ್ದೋ, ಎಮ್ಮೆ ಸರಿದದ್ದೋ?" ಎಂದಳು.

ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು. "ಕೊನೆ ಗಳಿಗೆಯಲ್ಲಿ ನಾ ಕಣ್ಣು ಮುಚ್ಚಿಕೊಂಡಿದ್ದೆ," ಎಂದೆ.

"ಆ ಗಾಡೀಲಿ ನಿಮ್ಮ ಸಂಗ್ತೀಗೆ ನಾನೂ ಕೂರ್ಬೇಕಲ್ವಾ, ಅದ್ಕೇ ಕೇಳ್ದೆ," ಎಂದು ಅವಳು ಒಳಗೆ ಹೋದಳು. ಮದುವೆಯಾಗಬೇಕಾದ ಹುಡುಗಿಯ ಈ ಒಂದು ಮಾತಿಗೆ ಅಲ್ಲೇ ಎಲ್ಲ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ಮನೆಯಲ್ಲಿ ಆ ದಿನ ಯಾವುದಕ್ಕೂ ಬ್ರೇಕ್ ಇರಲಿಲ್ಲ.

"ಹೋಗ್ಲಿ. ದೇವೀನೇ ಕೇಳ್ವಾ," ಎಂದರು ಭಾವ.

ಪ್ರಸಾದ ಕೇಳುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. (ಘಟ್ಟದ ಮೇಲಿನ ಓದುಗರಿಗಾಗಿ: ದೇವರ ಮೂರ್ತಿಯ ಎರಡೂ ಕಡೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಪ್ರಶ್ನೆ ಇಡುತ್ತಾರೆ. ಬಲದ ಎಸಳು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು.) ಬಿತ್ತನೆಗೆ, ಮದುವೆಗೆ, ಬಾವಿ ತೋಡುವುದಕ್ಕೆ ಎಲ್ಲಕ್ಕೂ ಕೇಳುತ್ತೇವೆ. ನನಗೂ ಬಾಳೆಗುಳಿಯ ದೇವಿಯ ಗುಡಿಯಲ್ಲಿ ಕೈ ಮುಗಿಯದೆ ಬರಲಾಗುವುದಿಲ್ಲ. ನನ್ನ ಮಾತು ದೇವಿಯ ಬಗ್ಗೆ ಅಲ್ಲ. ಕೇಳುವವರ ಬಗ್ಗೆ.

ಮಂಗಳವಾರ ಗುಡಿಗೆ ಹೋದೆವು. ಪೂಜೆಯ ಗುನಗರು ಎಸಳು ಅಂಟಿಸಿದರು. "ಚಿತ್ತಾಕುಲದ ಕೆಂಪು ಗಾಡಿ ತಗೊಳ್ಳಬಹುದೋ, ತಾಯಿ?"

ಎಡದ ಎಸಳು ಬಿತ್ತು.

ನಾನು ಉಸಿರು ಬಿಟ್ಟೆ. ಭಾವ ಬಿಡಲಿಲ್ಲ. "ಪ್ರಶ್ನೆ ಪೂರ್ತಿ ಆಗಲಿಲ್ಲ," ಎಂದರು. ಹೊಸ ಎಸಳು. "ಬ್ರೇಕ್ ರಿಪೇರಿ ಮಾಡಿಸಿ ತಗೊಂಡ್ರೆ?"

ಯಾವುದೂ ಬೀಳಲಿಲ್ಲ. ಕಾದೆವು. ದೇವಿಗೂ ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆ ಎಂಬ ಅನುಮಾನ ಬಂದಿರಬಹುದು. ಆ ಕಾರಿನ ಬ್ರೇಕ್ ಸಾಮಾನು ಅಂಕೋಲೆಯಲ್ಲಂತೂ ಇಲ್ಲ, ಅಮೆರಿಕದಲ್ಲೂ ಈಗ ಇದೆಯೋ ಇಲ್ಲವೋ.

"ತಗೊಂಡು, ಮೊದ್ಲು ನಿನ್ನ ಬಾಗಿಲಿಗೇ ತಂದು, ವರ್ಷಾ ವರ್ಷಾ ನಿಂಗೆ ಸೇವೆ ಕೊಟ್ರೆ?" ಭಾವ ಮತ್ತೆ ಕೇಳಿಸಿದರು.

ಬಲದ ಎಸಳು ಬಿತ್ತು. ಭಾವ ಕೆನ್ನೆ ಕೆನ್ನೆ ಬಡಿದುಕೊಂಡರು. ಅದೇ ಹೊತ್ತಿಗೆ ಯಾರೋ ಹೊರಗಿನ ಬಾಗಿಲು ತೆರೆದರು, ಗಾಳಿ ಬಂತು, ದೀಪ ಅಲುಗಿತು. ಗಾಳಿಗೂ ಎಸಳಿಗೂ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಇಲ್ಲ ಎಂದೂ ಹೇಳುವುದಿಲ್ಲ. ನೋಡಿದ್ದನ್ನು ಹೇಳಿದೆ.

ಅಲ್ಲಿಗೆ ನನ್ನ ಸಾಕ್ಷಿಯ ಬೆಲೆ ಪೂರ್ತಿ ಮುಗಿಯಿತು. ಬ್ರೇಕ್ ಎಂದು ನಾನು ಬಾಯಿ ತೆರೆದರೆ, "ದೇವಿ ಬಲಕ್ಕೆ ಕೊಟ್ಟಾಯ್ತಲ್ಲ" ಎಂಬ ಉತ್ತರ ಸಿದ್ಧವಿತ್ತು. ಯೋಚಿಸಿ ನೋಡಿ, ನಾವೆಲ್ಲ ಹೀಗೇ ಅಲ್ಲವೇ? ಫ್ರಿಜ್ಜು ಇರಲಿ, ಸೈಟು ಇರಲಿ, ಅಳಿಯನೇ ಇರಲಿ, ಮೊದಲು ಮನಸ್ಸು ಕೊಂಡುಬಿಟ್ಟಿರುತ್ತದೆ. ಆಮೇಲೆ ಊರೆಲ್ಲ ಸುತ್ತಿ ಅಭಿಪ್ರಾಯ ಕೇಳುತ್ತೇವೆ. ಬೇಡ ಎಂದವನಿಗೆ ಗಾಡಿಯ ಬಗ್ಗೆ ಏನೂ ಗೊತ್ತಿಲ್ಲ. ಬೇಕು ಎಂದವನು ಅನುಭವಸ್ಥ.

ಶುಕ್ರವಾರ ಶಾಂತಾರಾಮ ಕಾರನ್ನು ಬಾಳೆಗುಳಿಗೆ ತಂದರು. (ಘಾಟಿ ಹೇಗೆ ಇಳಿದಿರಿ ಎಂದು ಕೇಳಿದೆ. "ಗೇರಿನಲ್ಲಿ" ಎಂದರು.) ಅಂಗಳದಲ್ಲಿ ಅರ್ಧ ಕೇರಿ ಸೇರಿತ್ತು. ಒಬ್ಬ ದೋಣಿಯ ಹಲಗೆ ಬಡಿದು ನೋಡುವ ಹಾಗೆ ಬಾಗಿಲು ಬಡಿದು ನೋಡಿದ. ಎತ್ತಿನ ವ್ಯಾಪಾರದ ಮುದುಕರೊಬ್ಬರು ಬಾನೆಟ್ ಎತ್ತಿಸಿ ಒಳಗೆ ಇಣುಕಿ, ಹಲ್ಲು ನೋಡಿದವರಂತೆ ತಲೆಯಾಡಿಸಿದರು. ನಾಲ್ಕೂ ಚಕ್ರದಡಿ ಲಿಂಬೆಹಣ್ಣು. ಭಾವ ಹೊಸ ಅಂಗಿ ಹಾಕಿದ್ದರು. ಸುಮತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಮುಖವನ್ನು ನಾನು ನೋಡಲಿಲ್ಲ, ನೋಡಲಾಗಲಿಲ್ಲ.

ಆಯಿ ಕೋಲೂರಿಕೊಂಡು ಕಾರಿಗೆ ಒಂದು ಸುತ್ತು ಬಂದರು. ಶಾಂತಾರಾಮ ಅವರ ಕಾಲು ಮುಟ್ಟಿ, "ಹೆದರಬೇಡಿ ಆಯಿ. ನಾನೂ ನಮ್ಮೂರ ದೇವೀನ ಕೇಳಿಯೇ ಮಾರ್ತಾ ಇರೂದು," ಎಂದರು.

"ಹೌದಾ ಮಗಾ? ಎಂತ ಕೇಳ್ದೆ?"

"ಈ ಗಾಡಿ ಮಾರ್ಬಹುದೋ ಅಂತ."

"ಎಷ್ಟ್ ಸಲ ಕೇಳ್ದೆ?"

"ಒಂದೇ ಸಲ!" ಶಾಂತಾರಾಮರಿಗೆ ಹೆಮ್ಮೆ. "ಕೇಳಿ ಮುಗಿಲೇ ಇಲ್ಲ, ಟಪ್ ಅಂತ ಬಲಕ್ಕೆ ಬಿತ್ತು."

ಆಯಿ ಮಗನ ಕಡೆ ತಿರುಗಿದರು. "ನೀ ಎಷ್ಟ್ ಸಲ ಕೇಳ್ದೆ?"

ಭಾವ ನನ್ನನ್ನು ನೋಡಿದರು. ಸಾಕ್ಷಿ ನಾನಲ್ಲವೇ? ಮೂರು ಸಲ ಎಂದು ಇದ್ದದ್ದನ್ನು ಹೇಳಿದೆ.

"ಇಬ್ರೂ ದೇವೀರು ಒಪ್ಪಿದ್ರಲ್ಲ ಆಯಿ," ಎಂದರು ಭಾವ. "ಅವಳು ಮಾರು ಅಂದ್ಲು, ಇವಳು ತಗೋ ಅಂದ್ಲು. ಮಾತಾಡಿಕೊಂಡೇ ಹೇಳ್ದ ಹಾಗಲ್ವಾ?"

"ಚಿತ್ತಾಕುಲದ ದೇವಿ ಈ ಗಾಡಿ ವರ್ಷಗಟ್ಲೆ ನೋಡ್ದವಳು," ಎಂದರು ಆಯಿ. "ನಮ್ಮವಳು ಇದ್ರ ಬಣ್ಣಾನೂ ಕಾಣ್ಲಿಲ್ಲ. ಸುಮತಿಗೆ ಹುಡುಗನ್ನ ನೋಡುವಾಗ ನೀ ಎಲ್ಲಿ ವಿಚಾರಿಸ್ದೆ? ಹುಡುಗನ ಊರಲ್ಲೋ, ನಮ್ಮೂರಲ್ಲೋ? ಅವನ ಊರಿನವ್ರೇ 'ಒಮ್ಮೆ ಕರ್ಕೊಂಡು ಹೋಗಿ ಮಾರಾಯ್ರೆ' ಅಂದಿದ್ರೆ ಹುಡುಗಿ ಕೊಡ್ತಿದ್ಯಾ?"

ಎತ್ತಿನ ವ್ಯಾಪಾರದ ಮುದುಕರು ಬಾನೆಟ್ ಮುಚ್ಚಿದರು.

ಬ್ರೇಕ್ ನೆಲ ಮುಟ್ಟಿದ್ದನ್ನು ಕಂಡವನು ನಾನು. ಅದರಿಂದ ಏನೂ ಆಗಲಿಲ್ಲ. ಕಾರಿನಲ್ಲಿ ಕೂರಬೇಕಾದ ಹುಡುಗಿ ಕೇಳಿದಳು. ಅದರಿಂದಲೂ ಆಗಲಿಲ್ಲ. ಆಯಿ ಬ್ರೇಕಿನ ಹೆಸರನ್ನೇ ಎತ್ತಲಿಲ್ಲ. ಕಾರಿನ ವಿಷಯ ಅಲ್ಲಿಗೆ ನಿಂತಿತು, ಒಂದೇ ಸಲಕ್ಕೆ, ಪಂಪ್ ಮಾಡದೆ. ಸುಮತಿ ಕರಿ ಅಂಬಾಸಿಡರಿನಲ್ಲೇ ಹಣಕೋಣಕ್ಕೆ ಹೋಗುತ್ತಾಳೆ. ಭಾವ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಮಾತು ಬಿಟ್ಟವರು ಬದುಕಿರುತ್ತಾರೆ.

ಅಕ್ಕ ಚಕ್ರದಡಿಯ ಲಿಂಬೆಹಣ್ಣುಗಳನ್ನು ಎತ್ತಿಕೊಂಡು ಹೋಗಿ ಶರಬತ್ತು ಮಾಡಿದಳು. ಶಾಂತಾರಾಮರಿಗೂ ಒಂದು ಲೋಟ ಕೊಟ್ಟಳು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕುಡಿದು, ಬಾಯಿ ಒರೆಸಿಕೊಂಡು, ಕಾರು ಹತ್ತಿದರು. ಆದರೆ ಕಾರವಾರದ ಕಡೆಗೆ ತಿರುಗಿಸಲಿಲ್ಲ. ಹೆದ್ದಾರಿಯಂಚಿನ ಅಂಗಡಿಯ ಮುಂದೆ, ಮೊದಲೇ ಪಂಪ್ ಮಾಡಿ ನಿಲ್ಲಿಸಿ, ಅಲ್ಲಿದ್ದವರನ್ನು ಕೇಳುತ್ತಿದ್ದರು: "ಈ ಕಡೆ ಬೇರೆ ಯಾರ ಮನೇಲಾದ್ರೂ ಮದುವೆ ಅದ್ಯಾ?"

ಅಂಗಡಿಯವ ಬೆರಳು ಮಡಿಚಿ ಲೆಕ್ಕ ಹಾಕಿ ಹೇಳುತ್ತಿದ್ದ. ಎಲ್ಲ ಮನೆಗಳಿಗೂ ನಾನು ಹೋಗಿ ಸಾಕ್ಷಿ ಹೇಳಲಾರೆ, ಹೇಳಿದರೂ ಅದರ ಗತಿ ಏನೆಂದು ನೋಡಿದ್ದೇನೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಓದುಗರೇ, ಈ ಸಲ ನಿಮ್ಮ ಮನೆಯಲ್ಲಿ ಮದುವೆ ಇದೆಯೇ?